ಚರ್ಚಿನ ನೋಟ್‌ಬುಕ್ಕು ಆಮಿಷವಾದರೆ, ಸರ್ಕಾರದ ಖಾಲಿ ಕೈಗೆ ಏನನ್ನೋಣ?

ಹಲಕುಂದಿಯ ಆ ಹೆಣ್ಣುಮಗಳು ಬೆಳಿಗ್ಗೆ ಎಂಟಕ್ಕೆಲ್ಲ ಶೇರ್ ಆಟೋ ಹತ್ತಿ ಬಳ್ಳಾರಿಗೆ ಬರುತ್ತಾರೆ. ಜೀನ್ಸ್ ಹೊಲಿಯುವ ಒಂದು ಸಣ್ಣ ಘಟಕದಲ್ಲಿ ಕೆಲಸ. ಹೊಲಿದು ಬಂದ ಪ್ಯಾಂಟಿನ ಉಳಿದ ದಾರ ಕತ್ತರಿಸೋದು, ಮಡಚಿ ಕಟ್ಟು ಕಟ್ಟೋದು. ಕೂಲಿ ಪೀಸ್ ಲೆಕ್ಕದಲ್ಲಿ. ಏಳನೇ ಕ್ಲಾಸಿನ ಮಗಳನ್ನು ನಗರದ ಸರ್ಕಾರಿ ಶಾಲೆಗೇ ಸೇರಿಸಿದ್ದಾರೆ. ತಾಯಿ ಮಗಳು ಜೊತೆಗೇ ಬರ್ತಾರೆ, ಜೊತೆಗೇ ಹೋಗ್ತಾರೆ. ಆದರೆ ಶಾಲೆ ಬಿಡೋದು ಸಂಜೆ ನಾಲ್ಕೂವರೆಗೆ, ಕೆಲಸ ಬಿಡೋದು ಏಳೂವರೆಗೆ.

ಈ ಲೇಖನ ಆ ನಡುವಿನ ಮೂರು ಗಂಟೆಯ ಬಗ್ಗೆ.

ಎರಡು ವರ್ಷ ಆ ಹುಡುಗಿ ಆ ಮೂರು ಗಂಟೆಯನ್ನು ಕೌಲ್‌ಬಜಾರ್ ಕಡೆಯ ಒಂದು ಓಣಿಯ ಹಾಲ್‌ನಲ್ಲಿ ಕಳೆದಳು. ಇಬ್ಬರು ಸಿಸ್ಟರ್‌ಗಳು ಅಲ್ಲಿ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಲೆಕ್ಕ, ಕನ್ನಡ, ಇಂಗ್ಲಿಷ್. ಐದೂವರೆಗೆ ಒಂದು ಬಾಳೆಹಣ್ಣು, ಇಲ್ಲ ಒಂದು ಹಿಡಿ ಬೇಯಿಸಿದ ಕಡಲೆ. ವರ್ಷದ ಆರಂಭಕ್ಕೆ ಆರು ನೋಟ್‌ಬುಕ್. ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳು ಎಲ್ಲರೂ ಇದ್ದರು. ಒಂದು ದಿನ ಬೈಕಿನಲ್ಲಿ ಬಂದ ಇಬ್ಬರು ಹುಡುಗರು ಮೊಬೈಲ್ ಹಿಡಿದು ಮಕ್ಕಳ ವಿಡಿಯೊ ಮಾಡಿಕೊಂಡರು. ‘ಇಲ್ಲಿ ಪ್ರಾರ್ಥನೆ ಮಾಡಿಸ್ತಾರಾ? ನೋಟ್‌ಬುಕ್ ಯಾರು ಕೊಟ್ಟಿದ್ದು?’ ಅಂತ ಕೇಳಿದರು. ಹೊಡೆದಿಲ್ಲ, ಬೈದಿಲ್ಲ, ಪೊಲೀಸ್ ದೂರೂ ಆಗಲಿಲ್ಲ. ಮುಂದಿನ ವಾರ ಹಾಲ್‌ಗೆ ಬೀಗ ಬಿತ್ತು.

ನಾನು ಆ ತಾಯಿಯನ್ನು ಮಾತಾಡಿಸಿದಾಗ ಹುಡುಗಿ ಘಟಕದ ಮೆಟ್ಟಿಲ ಮೇಲೆ ಜೀನ್ಸ್ ಕಟ್ಟುಗಳ ಪಕ್ಕ ಕೂತಿದ್ದಳು. ಕೈಯಲ್ಲಿ ಪುಸ್ತಕ ಇತ್ತು, ಆದರೆ ಬೆಳಕಿರಲಿಲ್ಲ. ‘ಅಕ್ಕಾ, ನಿಮ್ಮನ್ನ ಯಾರಾದ್ರೂ ಚರ್ಚಿಗೆ ಬಾ ಅಂತ ಕರೆದಿದ್ರಾ?’ ಅಂತ ಕೇಳಿದೆ. ‘ಕ್ರಿಸ್‌ಮಸ್‌ಗೆ ಕರೆದಿದ್ರು, ಹೋಗಿ ಕೇಕ್ ತಿಂದು ಬಂದ್ವಿ. ನಾವು ಉಗಾದಿಗೆ ಅವರಿಗೆ ಹೋಳಿಗೆ ಕೊಟ್ವಿ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅವರು ಬೀಗ ಹಾಕ್ಸಿದ್ರಲ್ಲ ಸಾರ್, ಈಗ ನನ್ನ ಮಗಳನ್ನ ಯಾರು ನೋಡ್ಕೊಳ್ತಾರೆ? ಆ ಹುಡುಗ್ರು ಬರ್ತಾರಾ?’ ಅಂದರು.

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚರ್ಚುಗಳ ಸೇವೆಯ ಬಗ್ಗೆ ಟಿವಿಯಲ್ಲಿ, ವಾಟ್ಸಾಪಿನಲ್ಲಿ ನಡೆಯುವ ಜಗಳಗಳಲ್ಲಿ ಈ ಪ್ರಶ್ನೆ ಬರೋದೇ ಇಲ್ಲ. ಒಂದು ಕಡೆಯವರಿಗೆ ಅದು ಮತಾಂತರದ ಸಂಚು. ಇನ್ನೊಂದು ಕಡೆಯವರಿಗೆ ಅದು ಪ್ರಶ್ನಿಸಲೇಬಾರದ ಪುಣ್ಯಕಾರ್ಯ. ಈ ಎರಡೂ ಕಡೆಯವರು ಕೇಳದ ಒಂದು ಮಾತಿದೆ: ಆ ಮೂರು ಗಂಟೆ ನಿಜಕ್ಕೂ ಯಾರ ಜವಾಬ್ದಾರಿ?

ಕಾನೂನಿನ ಕಣ್ಣಲ್ಲಿ ಬಡವರು

ಮೊದಲು ‘ಆಮಿಷ’ದ ವಿಷಯಕ್ಕೆ ಬರೋಣ. ಬಸವರಾಜ ಬೊಮ್ಮಾಯಿ ಸರ್ಕಾರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆಯನ್ನು 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಪಾಸು ಮಾಡಿಸಿತು. 2022ರ ಮೇನಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾಯ್ದೆ ಮಾಡಿತು. ನಾವೆಲ್ಲ ‘ಮತಾಂತರ ನಿಷೇಧ ಕಾಯ್ದೆ’ ಅಂತ ಕರೆಯೋದು ಇದನ್ನೇ. ಅದರಲ್ಲಿ ಆಮಿಷದ ವ್ಯಾಖ್ಯಾನ ಓದಿ ನೋಡಿ. ಉಡುಗೊರೆ, ಹಣ, ವಸ್ತುರೂಪದ ಲಾಭ, ಉದ್ಯೋಗ, ಮದುವೆಯ ಭರವಸೆ, ಉತ್ತಮ ಜೀವನಶೈಲಿ, ಇಷ್ಟೂ ಇವೆ. ಜೊತೆಗೆ ಯಾವುದೇ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜಿನಲ್ಲಿ ಉಚಿತ ಶಿಕ್ಷಣವೂ ಆ ಪಟ್ಟಿಯಲ್ಲಿದೆ.

ಉಚಿತ ಶಿಕ್ಷಣ! ಈ ನಾಡಿನಲ್ಲಿ ಅನ್ನ, ಅಕ್ಷರ ಎರಡನ್ನೂ ಸಾವಿರಾರು ಮಕ್ಕಳಿಗೆ ಉಚಿತವಾಗಿ ಕೊಟ್ಟಿದ್ದಕ್ಕೇ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು ನಾವು ನಡೆದಾಡುವ ದೇವರು ಅಂದೆವು. ಜಾತಿ ಧರ್ಮ ಕೇಳದೆ ಊಟ ಹಾಕಿದರು ಅಂತ ಹೆಮ್ಮೆಪಟ್ಟೆವು, ಅದು ಸರಿಯಾದ ಹೆಮ್ಮೆಯೇ. ಹಾಗಿದ್ದರೆ ಅದೇ ಕೆಲಸವನ್ನು ಇನ್ನೊಂದು ಧರ್ಮದ ಸಂಸ್ಥೆ ಮಾಡಿದರೆ ಅದು ಅಪರಾಧದ ಮೊದಲ ಮೆಟ್ಟಿಲು ಹೇಗಾಗುತ್ತೆ?

ಕಾಯ್ದೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮತಾಂತರಗೊಂಡವರ ತಂದೆ ತಾಯಿ, ಅಣ್ಣತಮ್ಮಂದಿರು, ಸಂಬಂಧಿಕರು ಮಾತ್ರವಲ್ಲ, ಸಹೋದ್ಯೋಗಿಗಳೂ ದೂರು ಕೊಡಬಹುದು. ಆಮಿಷ ಒಡ್ಡಿಲ್ಲ ಅಂತ ಸಾಬೀತು ಮಾಡುವ ಹೊಣೆ ಆರೋಪಿಯದ್ದು. ಸಾಮಾನ್ಯ ಪ್ರಕರಣಕ್ಕೆ 3ರಿಂದ 5 ವರ್ಷ ಶಿಕ್ಷೆ. ಮತಾಂತರಗೊಂಡವರು ಅಪ್ರಾಪ್ತರು, ಮಹಿಳೆ ಅಥವಾ ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ 3ರಿಂದ 10 ವರ್ಷ. ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಹೆಣ್ಣುಮಗಳು, ದಲಿತ, ಆದಿವಾಸಿ, ಮಗು, ಈ ನಾಲ್ವರೂ ಒಂದೇ ಸಾಲಿನಲ್ಲಿದ್ದಾರೆ. ಅಂದರೆ ನಲವತ್ತು ವರ್ಷದ, ದುಡಿದು ಮನೆ ನಡೆಸುವ ಹಲಕುಂದಿಯ ಆ ತಾಯಿಯ ಬುದ್ಧಿಯೂ ಏಳನೇ ಕ್ಲಾಸಿನ ಮಗಳ ಬುದ್ಧಿಯೂ ಕಾನೂನಿನ ಕಣ್ಣಲ್ಲಿ ಒಂದೇ. ಕಾಯ್ದೆ ಚರ್ಚಿನ ಮೇಲಿನ ಅನುಮಾನದಿಂದ ಹುಟ್ಟಿತು ಅಂತ ನಾವು ತಿಳಿದಿದ್ದೇವೆ. ಆದರೆ ಅದರ ಬುಡದಲ್ಲಿರೋದು ಬಡವರ ಮೇಲಿನ ಅನುಮಾನ. ಆರು ನೋಟ್‌ಬುಕ್ಕಿಗೆ ತಮ್ಮ ದೇವರನ್ನು ಮಾರಿಕೊಳ್ಳೋರು ಅನ್ನೋ ಅನುಮಾನ.

ಸಿದ್ದರಾಮಯ್ಯ ಸಂಪುಟ 2023ರ ಜೂನ್‌ನಲ್ಲಿ ಈ ಕಾಯ್ದೆಯನ್ನು ರದ್ದು ಮಾಡುವ ನಿರ್ಧಾರ ತೆಗೆದುಕೊಂಡಿತು. ಆದರೆ ಸಂಪುಟದ ನಿರ್ಧಾರ ಒಂದು, ಆ ಕಾಯ್ದೆ ನಮ್ಮ ತಲೆಗೆ ತುಂಬಿದ ಭಾಷೆ ಇನ್ನೊಂದು. ಬೈಕಿನಲ್ಲಿ ಬಂದ ಹುಡುಗರು ಯಾವ ಸೆಕ್ಷನ್ನನ್ನೂ ಓದಿರಲಿಕ್ಕಿಲ್ಲ. ನೋಟ್‌ಬುಕ್ ಕಂಡ ಕೂಡಲೇ ಅನುಮಾನ ಪಡಬೇಕು ಅನ್ನೋದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಲಾಭನಷ್ಟದ ಲೆಕ್ಕ

ನಾನು ಇಂಜಿನಿಯರಿಂಗ್ ಓದಿದವನು. ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದು ಹತ್ತು ವರ್ಷವಾದರೂ ಒಂದು ಅಭ್ಯಾಸ ಹೋಗಿಲ್ಲ. ಯಾರಾದರೂ ‘ಹೀಗಾಗ್ತಿದೆ’ ಅಂದರೆ ಲೆಕ್ಕ ತೋರಿಸಿ ಅಂತೀನಿ. ತೆಗೀರಿ ಲೆಕ್ಕ.

2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 1.9ರ ಆಸುಪಾಸು ಇದ್ದರು. 2011ರಲ್ಲಿ ಶೇ 1.87. ಆಮಿಷದ ಪ್ರವಾಹ ಹರಿಯುತ್ತಿದೆ ಅನ್ನುವ ಹತ್ತು ವರ್ಷದಲ್ಲಿ ಪ್ರಮಾಣ ಏರಿಲ್ಲ, ಕೂದಲೆಳೆಯಷ್ಟು ಇಳಿದಿದೆ. ‘ಗುಟ್ಟಾಗಿ ಮತಾಂತರ ಆಗಿರ್ತಾರೆ, ಗಣತಿಯಲ್ಲಿ ಹೇಳಲ್ಲ’ ಅನ್ನೋ ವಾದ ಇದೆ. ಸರಿ, ಯಾಕೆ ಹೇಳಲ್ಲ ಅಂತ ಯೋಚಿಸೋಣ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಇಂದಿಗೂ ಹೊರಗೆ. ಅವರನ್ನೂ ಸೇರಿಸಬೇಕು ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ಮಾಡಿತು. ಮೀಸಲಾತಿಯ ಲಾಭಕ್ಕಾಗಿ ಮಾತ್ರ ನಂಬಿಕೆಯಿಲ್ಲದೆ ಮತ್ತೆ ಹಿಂದೂ ಅನ್ನೋದು ಸಂವಿಧಾನಕ್ಕೆ ಬಗೆವ ವಂಚನೆ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸೆಲ್ವರಾಣಿ ಪ್ರಕರಣದಲ್ಲಿ ಹೇಳಿತು.

ಅಂದರೆ ಬಳ್ಳಾರಿಯ ಒಬ್ಬ ದಲಿತ ತಾಯಿ ಕ್ರೈಸ್ತಳಾಗಿ ದಾಖಲಾದರೆ ಆಕೆಯ ಮಗಳು ಪರಿಶಿಷ್ಟ ಜಾತಿಯ ಶೇ 17ರ ಮೀಸಲಾತಿಯಿಂದ ಹೊರಬಿದ್ದು ಪ್ರವರ್ಗ 1ಕ್ಕೆ ಬರುತ್ತಾಳೆ, ಅಲ್ಲಿ ಇರೋದು ಶೇ 4. ಮೀಸಲು ಕ್ಷೇತ್ರದಲ್ಲಿ ನಿಲ್ಲುವ ಅವಕಾಶ ಹೋಗುತ್ತೆ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಹೋಗುತ್ತೆ. ಓಣಿಯಲ್ಲಿ ಜಾತಿ ಮಾತ್ರ ಹಾಗೇ ಉಳಿಯುತ್ತೆ. ಇಷ್ಟನ್ನೆಲ್ಲ ಕಳಕೊಂಡು ಸಿಗೋದು ಆರು ನೋಟ್‌ಬುಕ್ ಮತ್ತು ಕಡಲೆ! ಇದನ್ನು ಆಮಿಷ ಅನ್ನೋರು ಒಂದು ಸಲ ಕೂತು ಲಾಭನಷ್ಟ ಬರೆದು ನೋಡಲಿ. ಹೀಗಿದ್ದೂ ಯಾರಾದರೂ ಧರ್ಮ ಬದಲಿಸಿದ್ದರೆ ಅದಕ್ಕೆ ಬೇರೆ ಕಾರಣ ಇರಬೇಕು. ನಂಬಿಕೆ ಇರಬಹುದು, ಊರಿನ ಗುಡಿಯ ಹೊರಗೆ ನಿಂತ ನೆನಪೂ ಇರಬಹುದು. ಅದರ ಬಗ್ಗೆ ಮಾತಾಡೋದು ಕಷ್ಟ, ನೋಟ್‌ಬುಕ್ಕಿನ ಬಗ್ಗೆ ಮಾತಾಡೋದು ಸುಲಭ.

ಲೆಕ್ಕ ತೆಗೆದು ನೋಡಿದ ಒಂದು ಸರ್ಕಾರಿ ಪ್ರಯತ್ನವೂ ಇದೆ. ಬಳ್ಳಾರಿಯ ಪಕ್ಕದ ಚಿತ್ರದುರ್ಗದ ಹೊಸದುರ್ಗದಲ್ಲಿ ಬಲವಂತದ ಮತಾಂತರ ನಡೆದಿದೆ ಅಂತ ಅಲ್ಲಿನ ಶಾಸಕರೇ 2021ರಲ್ಲಿ ಸದನದಲ್ಲಿ ಹೇಳಿದ್ದರು. ತಹಶೀಲ್ದಾರ್ ಸಮೀಕ್ಷೆ ಮಾಡಿಸಿ, ಬಲವಂತವಿಲ್ಲ, ಜನ ಸ್ವಂತ ಇಚ್ಛೆಯಿಂದ ಚರ್ಚಿಗೆ ಹೋಗ್ತಿದ್ದಾರೆ ಅಂತ ವರದಿ ಕೊಟ್ಟರು. ಆಮೇಲೆ ವರ್ಗವಾಗಿದ್ದು ಆ ತಹಶೀಲ್ದಾರರೇ.

ಬಳ್ಳಾರಿಗೆ ಇದು ಹೊಸದಲ್ಲ

ಚರ್ಚು ಮತ್ತು ಬಳ್ಳಾರಿಯ ನಂಟು ನಿನ್ನೆ ಮೊನ್ನೆಯದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದಿದ್ದು 1810ರಲ್ಲಿ. ಕನ್ನಡಕ್ಕೆ ಬೈಬಲ್ ಬಂದ ದಾರಿಯಲ್ಲಿ ಬಳ್ಳಾರಿಯ ಹೆಸರಿದೆ. ವಾರ್ಡ್‌ಲಾ ಶಾಲೆ 19ನೇ ಶತಮಾನದ್ದು. ಅದರ ಹೆಸರನ್ನು ಕೇಳದ ಬಳ್ಳಾರಿಗರಿಲ್ಲ. ಕ್ಯಾಥೊಲಿಕ್ ಬಳ್ಳಾರಿ ಧರ್ಮಕ್ಷೇತ್ರ ಆಗಿದ್ದು 1949ರಲ್ಲಿ. ಅದರ ಸಮಾಜಸೇವಾ ಅಂಗವಾದ ಬಳ್ಳಾರಿ ಡಯೋಸಿಸನ್ ಡೆವಲಪ್‌ಮೆಂಟ್ ಸೊಸೈಟಿ, ಜನರ ಬಾಯಲ್ಲಿ ಬಿಡಿಡಿಎಸ್, ಮಹಿಳಾ ಸಂಘ, ಬಾಲಕಾರ್ಮಿಕರು, ಅಂಗವಿಕಲರ ನಡುವೆ ಕೆಲಸ ಮಾಡಿಕೊಂಡು ಬಂದಿದೆ.

1876ರಿಂದ 78ರ ಮಹಾಕ್ಷಾಮದಲ್ಲಿ, ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದ ಬಳ್ಳಾರಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಖರ್ಚು ಉಳಿಸಲು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದ. ಸರ್ಕಾರ ಕೈ ಬಿಗಿ ಮಾಡಿದ ಅಂಥ ಹೊತ್ತಲ್ಲೇ ದಕ್ಷಿಣದ ಮಿಷನ್‌ಗಳು ಅನಾಥ ಮಕ್ಕಳನ್ನು ಎತ್ತಿಕೊಂಡವು, ಗಂಜಿ ಕಾಯಿಸಿದವು. ‘ಅನ್ನಕ್ಕೆ ಮತ ಬಿಟ್ಟವರು’ ಅನ್ನೋ ಹೀಯಾಳಿಕೆ ಗಟ್ಟಿಯಾಗಿದ್ದೂ ಇಂಥ ಕ್ಷಾಮಗಳಲ್ಲೇ. ಅನ್ನ ಕೊಡದವರನ್ನು ಯಾರೂ ಹೀಯಾಳಿಸಲಿಲ್ಲ, ತಿಂದವರನ್ನು ಹೀಯಾಳಿಸಿದರು.

ಈಗ ಇಂದಿಗೆ ಬನ್ನಿ. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು, ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ ಶುರುವಾಯಿತು. ಇವತ್ತು ಬಳ್ಳಾರಿಯಲ್ಲಿ ಯಾರಾದರೂ ಅಕ್ಕಿಗೋಸ್ಕರ ಮತಾಂತರ ಆದರು ಅಂತ ಆರೋಪ ಮಾಡಿದರೆ ಜನ ನಗ್ತಾರೆ. ಯಾಕೆ? ಅಕ್ಕಿ ಈಗ ಹಕ್ಕು. ಕಾರ್ಡ್ ತೋರಿಸಿ, ಜಗಳ ಮಾಡಿ ತರಬಹುದು. ಡಿಪೋದವನು ತೂಕದಲ್ಲಿ ಮೋಸ ಮಾಡಿದರೆ ದೂರು ಕೊಡಬಹುದು. ಅನ್ನದ ಆಮಿಷ ಸತ್ತಿದ್ದು ಮತಾಂತರ ನಿಷೇಧ ಕಾಯ್ದೆಯಿಂದಲ್ಲ, ಪಡಿತರ ಚೀಟಿಯಿಂದ. ನಿಜವಾಗಿ ಆಮಿಷಕ್ಕೆ ಹೆದರುವವರು ಮಾಡಬೇಕಾದ ಕೆಲಸ ಇದೇ. ಯಾವ ಯಾವ ವಸ್ತು ಆಮಿಷ ಆಗಬಹುದು ಅನ್ನಿಸುತ್ತೋ ಅದನ್ನೆಲ್ಲ ಹಕ್ಕು ಮಾಡಿ.

ಆ ಮೂರು ಗಂಟೆಯನ್ನು ನಾವು ಹಕ್ಕು ಮಾಡಿಲ್ಲ. ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗೆ ‘ಕೂಸಿನ ಮನೆ’ ಬಂತು, ಒಳ್ಳೇದಾಯ್ತು. ಆದರೆ ಅದು ಗ್ರಾಮ ಪಂಚಾಯಿತಿಗಳಿಗೆ, ಅದೂ ಮೂರು ವರ್ಷದ ಒಳಗಿನ ಕೂಸುಗಳಿಗೆ. ನಗರದ ಓಣಿಯಲ್ಲಿ ಹನ್ನೆರಡು ವರ್ಷದ ಹುಡುಗಿ ಸಂಜೆ ಎಲ್ಲಿರಬೇಕು ಅನ್ನೋದಕ್ಕೆ ಯೋಜನೆಯ ಹೆಸರು ಕೇಳಿದರೆ ಯಾರೂ ಹೇಳಲ್ಲ.

ಬೇಕಾದಾಗ ಕರೆದು, ಬೇಡವಾದಾಗ ಅನುಮಾನಿಸಿ

ಸರ್ಕಾರಗಳಿಗೆ ಚರ್ಚಿನ ಸೇವೆ ಬೇಡವೇ ಬೇಡ ಅಂತೇನಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ ನೋಡಿ. 1970ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಪುನರ್ವಸತಿಗೆ ಸರ್ಕಾರವೇ ಜಮೀನು ಕೊಟ್ಟು ಬೆಂಗಳೂರು ಮಹಾಧರ್ಮಕ್ಷೇತ್ರವನ್ನು ಕರೆಯಿತು. ಯಾರೂ ಮುಟ್ಟದ ಗಾಯ ತೊಳೆಯುವಾಗ ಯಾರಿಗೂ ಆಮಿಷ ಕಾಣಲಿಲ್ಲ. 1980ರಲ್ಲಿ ಡಾನ್ ಬಾಸ್ಕೊ ಸಭೆಯ ಯುವಕರು ಬೆಂಗಳೂರಿನ ಬೀದಿ ಮಕ್ಕಳ ನಡುವೆ ಕೆಲಸ ಶುರು ಮಾಡಿ ‘ಬಾಸ್ಕೊ’ ಕಟ್ಟಿದರು. ಅದರ ಪೂರ್ತಿ ಹೆಸರು ಅಚ್ಚ ಕನ್ನಡದ್ದು, ಬೆಂಗಳೂರು ಓಣಿಯವರ ಸೇವಾ ಕೂಟ. ಮಕ್ಕಳ ಸಹಾಯವಾಣಿ 1098ನ್ನು ದೇಶದಾದ್ಯಂತ ನಗರ ನಗರದಲ್ಲಿ ಹೊತ್ತು ನಡೆಸಿದ್ದು ಇಂಥ ಸಂಸ್ಥೆಗಳೇ. 2023ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ತತ್ವದಲ್ಲಿ ಅದು ಸರಿಯೇ, ಮಕ್ಕಳ ರಕ್ಷಣೆ ಸರ್ಕಾರದ ಕೆಲಸ. ಆದರೆ ಕೈಗೆ ತೆಗೆದುಕೊಂಡ ಮೇಲೆ ರಾತ್ರಿ ಹನ್ನೊಂದಕ್ಕೆ ರೈಲ್ವೆ ಸ್ಟೇಷನ್ನಿಗೆ ಓಡಿ ಬರುವ ಜನವನ್ನೂ ಇಡಬೇಕಲ್ಲ?

ಈಗ ವಿದೇಶಿ ದೇಣಿಗೆಯ ವಿಷಯ. 2017ರ ಮಾರ್ಚ್‌ನಲ್ಲಿ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಭಾರತದಲ್ಲಿ ಬಾಗಿಲು ಮುಚ್ಚಿತು. ಸ್ಥಳೀಯ ಚರ್ಚುಗಳ ಮೂಲಕ ಅದು ನೆರವಾಗುತ್ತಿದ್ದ ಮಕ್ಕಳ ಸಂಖ್ಯೆ 1.45 ಲಕ್ಷದ ಆಸುಪಾಸು. 2020ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎ ಕಾಯ್ದೆಗೆ ತಿದ್ದುಪಡಿ ಬಂತು. ವಿದೇಶಿ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ 50ರಿಂದ ಶೇ 20ಕ್ಕೆ ಇಳಿಯಬೇಕು, ಮತ್ತು ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. 2021ರ ಕ್ರಿಸ್‌ಮಸ್ ದಿನವೇ ಮದರ್ ತೆರೇಸಾ ಕಟ್ಟಿದ ಸಂಸ್ಥೆಯ ನೋಂದಣಿ ನವೀಕರಣವನ್ನು ಕೇಂದ್ರ ನಿರಾಕರಿಸಿತು, ಎರಡು ವಾರದೊಳಗೆ ವಾಪಸ್ ಕೊಟ್ಟಿತು. 2024ರ ಜನವರಿಯಲ್ಲಿ ವರ್ಲ್ಡ್ ವಿಷನ್ ಇಂಡಿಯಾದ ನೋಂದಣಿ ರದ್ದಾಯಿತು.

ಇದರಲ್ಲಿ ಸುದ್ದಿಯಾಗೋದು ದೊಡ್ಡ ಹೆಸರುಗಳು. ಬಳ್ಳಾರಿಯಂಥ ಊರಿಗೆ ನಿಜವಾದ ಪೆಟ್ಟು ಕೊಡೋದು ಆ ‘ವರ್ಗಾಯಿಸುವಂತಿಲ್ಲ’ ಅನ್ನೋ ಸಾಲು. ದೊಡ್ಡ ಸಂಸ್ಥೆ ದೆಹಲಿಯಲ್ಲೋ ಬೆಂಗಳೂರಲ್ಲೋ ಹಣ ಪಡೆದು, ಅದರಲ್ಲಿ ಒಂದೆರಡು ಲಕ್ಷವನ್ನು ಓಣಿಯಲ್ಲಿ ಕೆಲಸ ಮಾಡುವ ಸಣ್ಣ ಗುಂಪಿಗೆ ಕೊಡುತ್ತಿತ್ತು. ಈಗ ಅದು ಅಪರಾಧ. ದೇಣಿಗೆಯ ಲೆಕ್ಕ ಕೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಕೇಳೋದಕ್ಕೂ ನಲ್ಲಿ ಬಂದ್ ಮಾಡೋದಕ್ಕೂ ವ್ಯತ್ಯಾಸ ಇದೆ.

ಕಾಲೇಜಿನಲ್ಲಿ ನಮಗೆ ಕಲಿಸಿದ ಒಂದು ಪಾಠ ನೆನಪಾಗುತ್ತೆ. ಯಾವುದೇ ವ್ಯವಸ್ಥೆ ಕಟ್ಟುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಒಂದು ಭಾಗ ಕೆಟ್ಟರೆ ಎಲ್ಲವೂ ನಿಲ್ಲುತ್ತೆ? ಹಲಕುಂದಿಯ ಆ ಹುಡುಗಿಯ ಸಂಜೆ ಇಬ್ಬರು ಸಿಸ್ಟರ್‌ಗಳ ಧೈರ್ಯದ ಮೇಲೆ ನಿಂತಿತ್ತು. ಅದು ಕೆಟ್ಟಿತು, ಎಲ್ಲವೂ ನಿಂತಿತು. ಇದು ಆ ಸಿಸ್ಟರ್‌ಗಳ ದೋಷ ಅಲ್ಲ. ಅವರೊಬ್ಬರ ಮೇಲೇ ಭಾರ ಹಾಕಿ ಸುಮ್ಮನಿದ್ದ ನಮ್ಮ ವ್ಯವಸ್ಥೆಯ ದೋಷ.

ಚರ್ಚಿಗೂ ಪ್ರಶ್ನೆಗಳಿವೆ

ಇಲ್ಲಿಗೆ ನಿಲ್ಲಿಸಿದರೆ ಒಂದು ಕಡೆಯವರು ಚಪ್ಪಾಳೆ ತಟ್ಟಿ ಹೋಗ್ತಾರೆ. ಆದರೆ ನಾನು ಇನ್ನೊಂದು ಕಡೆಗೂ ಕೇಳಲೇಬೇಕು.

ಮೊದಲನೆಯದು ಶಾಲೆಗಳ ಬಗ್ಗೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳು ಶೇ 25 ಸೀಟನ್ನು ಬಡ ಮಕ್ಕಳಿಗೆ ಕೊಡಬೇಕು ಅಂತಿದೆ. 2014ರ ಮೇ ತಿಂಗಳಲ್ಲಿ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆಯೇ ಅನ್ವಯಿಸದು ಅಂತ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಅನುಮಾನ ವ್ಯಕ್ತಪಡಿಸಿ ದೊಡ್ಡ ಪೀಠದ ಪರಿಶೀಲನೆಗೆ ಕಳಿಸಿತು. ರಾಷ್ಟ್ರೀಯ ಮಕ್ಕಳ ಹಕ್ಕು ರಕ್ಷಣಾ ಆಯೋಗದ 2021ರ ವರದಿಯ ಪ್ರಕಾರ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳಲ್ಲಿ ಸಾಮಾಜಿಕ, ಆರ್ಥಿಕವಾಗಿ ಹಿಂದುಳಿದವರು ಶೇ 9ಕ್ಕಿಂತ ಕಡಿಮೆ. ಆಯೋಗದ ಉದ್ದೇಶದ ಬಗ್ಗೆ ನಿಮಗೆ ಅನುಮಾನ ಇರಬಹುದು, ನನಗೂ ಇದೆ. ಆದರೂ ನಮ್ಮೂರಿನ ಯಾವುದಾದರೂ ಹೆಸರಾಂತ ಕಾನ್ವೆಂಟಿನ ಗೇಟಿನ ಮುಂದೆ ಬೆಳಿಗ್ಗೆ ನಿಂತು ನೋಡಿ, ಯಾರ ಮಕ್ಕಳು ಕಾರಿಂದ ಇಳಿತಾರೆ ಅಂತ. ಸಂಜೆ ಓಣಿಯ ಹಾಲ್‌ನಲ್ಲಿ ನೋಟ್‌ಬುಕ್ ಕೊಡುವ ಚರ್ಚು, ಬೆಳಿಗ್ಗೆ ತನ್ನ ಒಳ್ಳೆಯ ಶಾಲೆಯ ಗೇಟನ್ನು ಆ ಹುಡುಗಿಗೆ ಯಾಕೆ ತೆರೆಯೋದಿಲ್ಲ? ಕಾನೂನು ಬಲವಂತ ಮಾಡಲ್ಲ, ನಿಜ. ಸ್ವಂತ ಇಚ್ಛೆಯಿಂದ ಶೇ 25 ಕೊಡಬೇಡಿ ಅಂತ ಯಾವ ಕೋರ್ಟೂ ಹೇಳಿಲ್ಲವಲ್ಲ.

ಎರಡನೆಯದು ಜಾತಿ. ದಲಿತ ಕ್ರೈಸ್ತರಿಗೆ ಸರ್ಕಾರ ಅನ್ಯಾಯ ಮಾಡಿದೆ ಅಂತ ಚರ್ಚು ಹೇಳೋದು ಸರಿ. ಅದೇ ದಲಿತ ಕ್ರೈಸ್ತರು ಗುರುಗಳ ಸ್ಥಾನದಲ್ಲಿ, ಶಾಲೆ ಆಸ್ಪತ್ರೆಗಳ ಮುಖ್ಯಸ್ಥರ ಕುರ್ಚಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಅವರೇ ದಶಕಗಳಿಂದ ಕೇಳ್ತಿದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಡದೆ ಆಚೆಯವರಿಗೆ ನ್ಯಾಯ ಹೇಳಿದರೆ ಕೇಳೋರು ಯಾರು?

ಮೂರನೆಯದು ಪ್ರಾರ್ಥನೆ. ದೊಡ್ಡ ಸಭೆಗಳ ಹಳೆಯ ಸಂಸ್ಥೆಗಳು ಬೇರೆ, ಬಾಡಿಗೆ ಕೋಣೆಯಲ್ಲಿ ಶುರುವಾಗುವ ಹೊಸ ಗುಂಪುಗಳು ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ತಪ್ಪು. ಆದರೆ ಯಾರೇ ಆಗಲಿ, ಭಾನುವಾರ ಬಂದರೆ ಮಾತ್ರ ಸೋಮವಾರ ರೇಷನ್ ಅಂದರೆ, ಊಟಕ್ಕೆ ಮೊದಲು ಮಗುವಿನಿಂದ ಅದರ ಮನೆಯದಲ್ಲದ ಪ್ರಾರ್ಥನೆ ಹೇಳಿಸಿದರೆ, ಅದು ಸೇವೆಯಲ್ಲ. ಇದನ್ನು ಹೇಳೋಕೆ ಮತಾಂತರ ನಿಷೇಧ ಕಾಯ್ದೆಯ ಅಗತ್ಯ ಇಲ್ಲ, ಮನುಷ್ಯ ಮರ್ಯಾದೆ ಸಾಕು.

ಹಾಗಾಗಿ ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಪಡೆಯುವವರು ‘ನಿಮ್ಮ ದೇವರು ನಮಗೆ ಬೇಡ’ ಅಂದ ಮೇಲೂ ನೆರವು ಸಿಗುತ್ತಾ? ಪಡೆಯುವವರು ಕೊಡುವವರ ಲೆಕ್ಕ ಕೇಳಬಹುದಾ? ಕೊಡುವವರು ನಾಳೆ ಹೋದರೆ ಓಣಿಯಲ್ಲಿ ಏನಾದರೂ ಉಳಿಯುತ್ತಾ? ಇವನ್ನು ಚರ್ಚಿಗೆ ಕೇಳಿ. ಮಠಕ್ಕೆ, ಮಸೀದಿ ಕಮಿಟಿಗೆ, ಕಂಪನಿಗಳ ಸಿಎಸ್‌ಆರ್‌ಗೆ ಕೇಳಿ. ಬಳ್ಳಾರಿಯಲ್ಲಂತೂ ಚುನಾವಣೆಯ ವರ್ಷ ಸೀರೆ, ಕುಕ್ಕರ್ ಹಿಡಿದು ಬರೋರಿಗೂ ತಪ್ಪದೆ ಕೇಳಿ. ಮತಕ್ಕಾಗಿ ಕೊಡುವ ಉಡುಗೊರೆಯನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆ ಸ್ಪಷ್ಟವಾಗಿ ಲಂಚ ಅನ್ನುತ್ತೆ. ಅದರ ವಿಡಿಯೊ ಮಾಡಲು ಬೈಕಿನಲ್ಲಿ ಯಾರೂ ಬರಲ್ಲ.

ಬಳ್ಳಾರಿಯ ದುಡ್ಡು ಎಲ್ಲಿದೆ?

ಕೊನೆಗೆ ಬರಬೇಕಾದ ಜಾಗಕ್ಕೆ ಬರೋಣ. ಇದು ದುಡ್ಡಿಲ್ಲದ ಜಿಲ್ಲೆಯ ಕತೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟ ಬೆನ್ನಲ್ಲೇ, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಅದಿರಿನ ಹರಾಜಿನಿಂದ ಸಂಗ್ರಹವಾದ ಹಣ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಅಂತ ವರ್ಷಗಟ್ಟಲೆ ಕೂತಿತ್ತು. 2022ರಲ್ಲಿ ಕೋರ್ಟ್ ಅದರ ಬಳಕೆಗೆ ದಾರಿ ಬಿಟ್ಟು, ಮೇಲ್ವಿಚಾರಣೆಗೆ ನ್ಯಾಯಮೂರ್ತಿ ಸುದರ್ಶನ್ ರೆಡ್ಡಿಯವರನ್ನು ನೇಮಿಸಿತು. ಯೋಜನೆಯ ಒಟ್ಟು ಗಾತ್ರ ಸುಮಾರು 25 ಸಾವಿರ ಕೋಟಿ ರೂಪಾಯಿ, ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ. ಇದರ ಜೊತೆಗೆ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಬೇರೆ.

ಇಷ್ಟು ಹಣ ಇರುವ ಜಿಲ್ಲೆಯ ಆಸ್ಪತ್ರೆಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು, ಅವರಿಗೆ ಕೊಟ್ಟ ಐವಿ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು. 2020ರ ಜೂನ್ ಕೊನೆಯಲ್ಲಿ ಕೋವಿಡ್‌ನಿಂದ ಸತ್ತವರ ಶವಗಳನ್ನು ಒಂದೇ ಗುಂಡಿಗೆ ಎಸೆದ ವಿಡಿಯೊ ಇಡೀ ದೇಶ ನೋಡಿತು, ಜಿಲ್ಲಾಡಳಿತ ಕ್ಷಮೆ ಕೇಳಿತು. 2023ರ ಚುನಾವಣೆಯಲ್ಲಿ ರಾಹುಲ್ ಗಾಂಧಿ ಬಳ್ಳಾರಿಯ ಜೀನ್ಸ್‌ಗಾಗಿ 5,000 ಕೋಟಿ ರೂಪಾಯಿಯ ಅಪೆರಲ್ ಪಾರ್ಕ್ ಭರವಸೆ ಕೊಟ್ಟು ಹೋದರು. ಹಲಕುಂದಿಯ ಆ ತಾಯಿ ಇನ್ನೂ ಪೀಸ್ ಲೆಕ್ಕದಲ್ಲೇ ದಾರ ಕತ್ತರಿಸುತ್ತಿದ್ದಾರೆ.

ಬಳ್ಳಾರಿ ನಗರದ ಒಂದೊಂದು ಕೊಳೆಗೇರಿ ವಾರ್ಡಿನಲ್ಲೂ ಸಂಜೆ ನಾಲ್ಕರಿಂದ ಎಂಟರವರೆಗೆ ತೆರೆದಿರುವ ಒಂದು ಓದುವ ಮನೆ, ಎರಡು ಸಂಬಳದ ಶಿಕ್ಷಕಿಯರು, ಒಂದು ಹಿಡಿ ಕಡಲೆ. ಇದಕ್ಕೆ ಕಟ್ಟಡವೂ ಬೇಕಿಲ್ಲ, ಸರ್ಕಾರಿ ಶಾಲೆಯ ಕೋಣೆಗಳು ಸಂಜೆ ಖಾಲಿಯೇ ಇರ್ತಾವೆ. 25 ಸಾವಿರ ಕೋಟಿಯ ಪಕ್ಕ ಇಟ್ಟು ನೋಡಿದರೆ ಈ ಖರ್ಚು ಕಣ್ಣಿಗೇ ಕಾಣಲ್ಲ. ಬಳ್ಳಾರಿಯಲ್ಲಿ ಈ ಲೇಖನ ಓದುತ್ತಿರುವ ಗೆಳೆಯರು ಪಾಲಿಕೆ ಸದಸ್ಯರಿಗೆ, ಶಾಸಕರಿಗೆ ಕೇಳಬಹುದಾದ ಒಂದು ಸರಳ ಪ್ರಶ್ನೆ ಇದು: ನಮ್ಮ ವಾರ್ಡಿನಲ್ಲಿ ಸಂಜೆ ಮಕ್ಕಳಿಗೆ ಜಾಗ ಎಲ್ಲಿ? ಬಾಯಿಮಾತಲ್ಲಿ ಕೇಳಿದರೆ ಮರೀತಾರೆ, ಆರ್‌ಟಿಐನಲ್ಲಿ ಕೇಳಿ.

ಅಂಥ ಮನೆ ಬಂದ ದಿನ ಸಿಸ್ಟರ್‌ಗಳ ಹಾಲ್ ಖಾಲಿಯಾಗಬಹುದು. ಆಗಲಿ, ಅವರೂ ಖುಷಿಪಡ್ತಾರೆ ಅಂದುಕೊಂಡಿದ್ದೇನೆ. ಅಲ್ಲಿಯವರೆಗೆ ಆ ಬೀಗ ತೆಗೆಸುವುದು ನಮ್ಮ ಕೆಲಸ. ಓಣಿಯ ತಾಯಂದಿರೇ ಬಾಗಿಲಲ್ಲಿ ಕೂತು, ‘ನಮ್ಮ ಮಕ್ಕಳು ಏನು ಕಲೀತಿದ್ದಾರೆ ಅಂತ ನಮಗೆ ಗೊತ್ತು’ ಅಂತ ಹೇಳಿದರೆ ಯಾವ ಬೈಕೂ ಒಳಗೆ ಬರೋದಿಲ್ಲ. ಅವರ ಜೊತೆ ಕೂರಲು ನಾವು ಹತ್ತು ಜನ ಹೋಗಬಹುದಲ್ವಾ?

ಕಳೆದ ವಾರ ಮತ್ತೆ ಆ ಘಟಕದ ಕಡೆ ಹೋಗಿದ್ದೆ. ಹುಡುಗಿ ಮೆಟ್ಟಿಲ ಮೇಲೇ ಇದ್ದಳು. ಪುಸ್ತಕ ಚೀಲದೊಳಗಿತ್ತು. ಅಮ್ಮನ ಪಕ್ಕ ಒಂದು ಪ್ಯಾಂಟ್ ಹಿಡಿದುಕೊಂಡು ದಾರ ಕತ್ತರಿಸುತ್ತಿದ್ದಳು. ‘ಸುಮ್ನೆ ಕೂತಿರ್ತಾಳಲ್ಲ ಸಾರ್, ನಾಲ್ಕು ಪೀಸ್ ಆದ್ರೆ ನಾಲ್ಕು ಪೀಸು’ ಅಂದರು ತಾಯಿ.